ದೊಡ್ಡದು ಯಾವುದು?

ನಮ್ಮ ಇಲಾಖೆಗೆ ‘ಸಮನ್ವಯ ಶಿಕ್ಷಣ’ ಎಂಬ ಮಾತಿನ ಮೇಲೆ ವಿಪರೀತ ಪ್ರೀತಿ. ಅಂಗವೈಕಲ್ಯ ಇರುವ ಮಕ್ಕಳೂ ಉಳಿದವರ ಜೊತೆ ಒಂದೇ ತರಗತಿಯಲ್ಲಿ ಕಲಿಯಬೇಕು ಎಂದು ಅದರ ಅರ್ಥ. ಬ್ಯಾನರು, ಫೈಲು, ತರಬೇತಿಯ ಚೀಲ, ಎಲ್ಲದರ ಮೇಲೂ ಅದೇ. ಆ ಮಾತು ಕಿವಿಗೆ ಬಿದ್ದರೆ ನನಗೀಗ ಮೈ ಉರಿಯುತ್ತದೆ. ಕಾರಣ, ನನ್ನ ತರಗತಿಯಲ್ಲಿದ್ದ ಒಬ್ಬಳು ಹುಡುಗಿ.

ಪುಂಜಾಲಕಟ್ಟೆಯ ಕಡೆಯ ಶಾಲೆಯೊಂದರಲ್ಲಿ ನಾನು ಆರನೆಯ ತರಗತಿಗೆ ಗಣಿತ ಹೇಳಿಕೊಡುತ್ತಿದ್ದೆ. ಹುಟ್ಟಿನಿಂದಲೇ ಆ ಹುಡುಗಿಯ ಕೈಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಪೆನ್ಸಿಲ್ ಹಿಡಿಯಲು ಆಗದು, ಮಾತು ತಡೆತಡೆದು ಬರುವುದು. ತಂದೆ ಸೌದಿಯ ದಮ್ಮಾಮಿನಲ್ಲಿ ಕೆಲಸಕ್ಕಿದ್ದರು. ತಾಯಿ ದಿನಾ ರಿಕ್ಷಾದಲ್ಲಿ ಕರೆತಂದು, ಎತ್ತಿ ಕುರ್ಚಿಯಲ್ಲಿ ಕೂರಿಸಿ ಹೋಗುತ್ತಿದ್ದರು. ಮನೆಯಲ್ಲಿ ಮಾಮನ ಮೊಬೈಲಿನಲ್ಲಿ ಕಂಬಳದ ನೇರಪ್ರಸಾರ ನೋಡುವುದು ಅವಳ ಹುಚ್ಚು. ಯಾರ ಕೋಣಗಳು ಎಷ್ಟು ಸೆಕೆಂಡಿನಲ್ಲಿ ಓಡಿದವು ಎಂಬುದೆಲ್ಲ ಅವಳಿಗೆ ಬಾಯಿಪಾಠ.

ದಶಮಾಂಶದ ಪಾಠದಲ್ಲಿ ನನ್ನ ಮಕ್ಕಳೆಲ್ಲ ಮುಗ್ಗರಿಸುತ್ತಿದ್ದರು. 11.45 ಮತ್ತು 11.6 ಎಂದು ಬರೆದರೆ, ಆರಕ್ಕಿಂತ ನಲ್ವತ್ತೈದು ದೊಡ್ಡದಲ್ಲವೇ ಎಂದು ವಾದಕ್ಕೆ ನಿಲ್ಲುತ್ತಿದ್ದರು. ಒಂದು ದಿನ ನನಗೂ ಸಾಕಾಗಿ, ಇವು ಕಂಬಳದಲ್ಲಿ ಎರಡು ಜೋಡಿ ಕೋಣಗಳು ಓಡಿದ ಸಮಯ, ಗೆದ್ದದ್ದು ಯಾವುದು ಹೇಳಿ ಎಂದೆ. ಅವಳು ಕುರ್ಚಿಯಲ್ಲೇ ನಕ್ಕುಬಿಟ್ಟಳು.

“ಹಾಗೆ ಓದುದಲ್ಲ ಟೀಚರ್. ಕಂಬಳದಲ್ಲಿ ಹನ್ನೊಂದು ಅರುವತ್ತು ಅಂತ ಹೇಳ್ತಾರೆ.”

ಕಂಬಳದ ಮೈಕಿನಲ್ಲಿ ಬಿಂದುವಿನ ನಂತರ ಯಾವಾಗಲೂ ಎರಡು ಅಂಕಿ. ಆರರ ಬಲಕ್ಕೊಂದು ಸೊನ್ನೆ ಇಟ್ಟೆ, ಇಡೀ ತರಗತಿಗೆ ಲೆಕ್ಕ ತಿಳಿಯಿತು. ಆಮೇಲೆ ನಮ್ಮ ಗಣಿತವೆಲ್ಲ ಕಂಬಳವೇ. ಅವಳು ಕಾಮೆಂಟ್ರಿ ಹೇಳುವಳು, ಉಳಿದವರು ಸಮಯ ಬರೆದು ಕೂಡಿಸಿ ಕಳೆಯುವರು. ಅಲ್ಲಿಯವರೆಗೆ ಅವಳ ಕಡೆ ತಿರುಗಿಯೂ ನೋಡದಿದ್ದ ಮಕ್ಕಳು ಅವಳ ಪಕ್ಕದ ಜಾಗಕ್ಕೆ ಜಗಳವಾಡತೊಡಗಿದರು. ನನಗಂತೂ ಶಾಲೆಗೆ ಹೋಗುವುದೇ ಖುಷಿಯಾಗಿತ್ತು.

ಅಷ್ಟರಲ್ಲಿ ಅಧಿಕಾರಿಯೊಬ್ಬರು ಬಂದರು. ಅವಳನ್ನು ತರಗತಿಯಲ್ಲೇ ಉಳಿಸಬೇಕೇ, ಮನೆಯಲ್ಲೇ ಕೂರಿಸಿ ಕಲಿಸಬೇಕೇ ಎಂದು ತೀರ್ಮಾನಿಸುವುದು ಅವರ ಕೈಯಲ್ಲಿತ್ತು. ಹಲಗೆಯ ಮೇಲೆ ಅವೇ ಎರಡು ಸಂಖ್ಯೆ ಬರೆದು, ದೊಡ್ಡದು ಯಾವುದು ಎಂದು ಅವಳನ್ನೇ ಕೇಳಿದರು. ಹನ್ನೊಂದು ನಲ್ವತ್ತೈದು ಎಂದಳು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನಮ್ಮ ತರಗತಿಯಲ್ಲಿ ಗೆದ್ದದ್ದೇ ದೊಡ್ಡದು, ಕಡಿಮೆ ಸಮಯದಲ್ಲಿ ಓಡಿದ್ದೇ ಗೆದ್ದದ್ದು. ಅವಳು ಹೇಳಿದ್ದು ಸಂಖ್ಯೆಯನ್ನಲ್ಲ, ಕೋಣಗಳನ್ನು.

“ಸರ್, ಕಡಿಮೆ ಯಾವುದು ಅಂತ ಒಮ್ಮೆ ಕೇಳಿ ನೋಡಿ,” ಎಂದೆ.

“ಗಣಿತ ಅಂದ್ರೆ ಕಂಬಳ ಅಲ್ಲ ಟೀಚರೇ,” ಎಂದರು ಅವರು. ಮುಖ್ಯೋಪಾಧ್ಯಾಯರು ಸುಮ್ಮನಿರುವಂತೆ ನನಗೆ ಕಣ್ಸನ್ನೆ ಮಾಡಿದರು.

ಚಪ್ಪಾಳೆ ತಟ್ಟಿದವರಿಗೆ ಇನ್ನೂ ಸ್ವಲ್ಪ ಅಭ್ಯಾಸ ಬೇಕು ಎಂದರು ಅಧಿಕಾರಿ. ಅವಳಿಗೆ ಮಾತ್ರ ಗೃಹಾಧಾರಿತ ಶಿಕ್ಷಣ ಎಂದು ಬರೆದರು. ತಪ್ಪು ಎಲ್ಲರದ್ದೂ ಒಂದೇ, ಮನೆಗೆ ಹೋದವಳು ಅವಳೊಬ್ಬಳು. ತಾಯಿ ಮುಖ್ಯೋಪಾಧ್ಯಾಯರ ಮುಂದೆ ನಿಂತು, ಮೂಲೆಯಲ್ಲಾದರೂ ಕೂತುಕೊಳ್ಳಲಿ, ಯಾರಿಗೂ ತೊಂದರೆ ಕೊಡುವುದಿಲ್ಲ ಎಂದು ಕೇಳಿಕೊಂಡರು. ಮೇಲಿನಿಂದ ಬಂದ ಆದೇಶ, ಏನು ಮಾಡುವುದಕ್ಕೂ ಇಲ್ಲ ಎಂದು ಅವರು ಕೈ ತೊಳೆದುಕೊಂಡರು. ನಾನು ಮೇಲಿನವರಿಗೆ ಎಷ್ಟು ಬರೆದರೂ ಉತ್ತರ ಬರಲಿಲ್ಲ.

ತಮಾಷೆ ಮುಂದೆ ಉಂಟು. ಅವಳು ಕಾಮೆಂಟ್ರಿ ಹೇಳುವಾಗ ನಾನು ಮೊಬೈಲಿನಲ್ಲಿ ಹಿಡಿದಿದ್ದ ಕಂಬಳದ ಪಾಠದ ವಿಡಿಯೊ ಶಿಕ್ಷಕರ ವಾಟ್ಸಾಪಿನಲ್ಲೆಲ್ಲ ಓಡಾಡಿ, ಮೂಡಬಿದಿರೆಯ ತರಬೇತಿಯಲ್ಲಿ ಅದರ ಬಗ್ಗೆ ಮಾತಾಡಲು ನನ್ನನ್ನೇ ಕರೆದರು. ಜನಪ್ರಿಯ ಸಂಸ್ಕೃತಿಯ ಮೂಲಕ ಸಮನ್ವಯ ಶಿಕ್ಷಣ ಎಂದು ವಿಷಯ. ಅದೇ ಅಧಿಕಾರಿ ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದರು. ಪರದೆಯ ಮೇಲೆ ಅವಳ ನಗುಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ಈ ಮಗು ಈಗ ಶಾಲೆಯಲ್ಲಿಲ್ಲ, ಮುಂದೆ ಕೂತಿರುವ ಇವರೇ ಮನೆಗೆ ಕಳಿಸಿದರು ಎಂದು ಮೈಕಿನಲ್ಲೇ ಹೇಳಿದೆ. ನಿರೂಪಕಿ ಧನ್ಯವಾದ ಹೇಳಿ, ಎಲ್ಲರನ್ನೂ ಊಟಕ್ಕೆ ಕರೆದಳು. ನಾನು ಊಟ ಮಾಡಲಿಲ್ಲ.

ತರಬೇತಿಯಿಂದ ಹಿಂದಿರುಗುವಾಗ ಗುರುವಾಯನಕೆರೆಯಲ್ಲಿಳಿದು ಲಾಯಿಲದ ನನ್ನ ಮನೆಗೆ ಹೋಗದೆ, ಬಂಟ್ವಾಳದ ಬಸ್ಸು ಹತ್ತಿ ಅವಳ ಮನೆಗೆ ಹೋದೆ. ತಾಯಿ ಚಹಾ ಮಾಡಲು ಒಳಗೆ ಹೋದರು. ಕಲಿಸುವವರು ಯಾವಾಗಲೋ ಒಮ್ಮೆ ಬರುತ್ತಾರಂತೆ, ಬಂದರೆ ಚಿತ್ರಕ್ಕೆ ಬಣ್ಣ ಹಚ್ಚಿಸುತ್ತಾರಂತೆ. ಬಣ್ಣದ ಕಡ್ಡಿ ಅವಳ ಕೈಯಲ್ಲಿ ನಿಲ್ಲುವುದೇ ಇಲ್ಲ. ಕ್ಲಾಸಿನಲ್ಲಿ ಈಗ ಯಾರು ಫಸ್ಟ್ ಎಂದು ಕೇಳಿದಳು. ಹೇಳಿದೆ. ಇಲ್ಲಿ ಹೇಗೆ ಎಂದು ಕೇಳುವ ದಡ್ಡತನವನ್ನೂ ಮಾಡಿದೆ.

“ಇಲ್ಲಿ ನಾನೇ ಫಸ್ಟ್ ಟೀಚರ್,” ಎಂದಳು. ಮುಂದಿನ ಮಾತು ಬರಲು ಸ್ವಲ್ಪ ಹೊತ್ತು ಹಿಡಿಯಿತು. “ಲಾಸ್ಟ್ ಕೂಡ ನಾನೇ.”