ತಲೆಕೆಳಗಾದ ಗಿಳಿ

ನಮ್ಮ ಲೆಕ್ಕದ ಮೇಷ್ಟ್ರ ಉಗುರಿನ ಸಂದಿಯಲ್ಲಿ ಸದಾ ಅರಗಿನ ಬಣ್ಣ ಕೂತಿರುತ್ತಿತ್ತು. ಒಂದು ವಾರ ಕೆಂಪು, ಮರುವಾರ ಹಳದಿ. ಚನ್ನಪಟ್ಟಣದ ಬೊಂಬೆ ಮಾಡುವ ಸಾಬರ ಮನೆತನದವರು. ಬೆಳಿಗ್ಗೆ ಅಣ್ಣನ ಜೊತೆ ಒಂದಷ್ಟು ಮರ ಕಡೆದು, ಆಮೇಲೆ ಸೈಕಲ್ ಹತ್ತಿ ಅಕ್ಕೂರಿನ ಕಡೆಯ ನಮ್ಮ ಶಾಲೆಗೆ ಬರುತ್ತಿದ್ದರು. ಅವರು ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುವಾಗ ನಾನು ಲೆಕ್ಕ ಬಿಟ್ಟು ಆ ಉಗುರುಗಳನ್ನೇ ನೋಡುತ್ತಾ ಕೂರುತ್ತಿದ್ದೆ.

ಸೈಕಲ್ಲಿನ ಹ್ಯಾಂಡಲ್ಲಿಗೆ ಒಂದು ಬಟ್ಟೆ ಚೀಲ. ಅದರೊಳಗೆ ಸೊಟ್ಟಗಾಗಿ, ಸೀಳುಬಿಟ್ಟು ಮಾರಾಟಕ್ಕೆ ಬಾರದ ಬಣ್ಣದ ಮರದ ಮಣಿಗಳು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕುಳಿ ಎಳೆದು, ತಾವು ಕಿಟಕಿಯ ಕಡೆ ತಿರುಗಿ ನಿಂತು, ಮೂರನೇ ಸಾಲು, ಐದರಿಂದ ಒಂಬತ್ತನೇ ಮನೆ ಕೆಂಪು ಎಂದು ಕೂಗುತ್ತಾ ಹೋಗುತ್ತಿದ್ದರು. ಯಾವ ಚಿತ್ರವೆಂದು ಗೊತ್ತಿಲ್ಲದೆಯೇ ನಾವು ಮಣಿ ಇಡಬೇಕು. ಕೊನೆಗೆ ಆನೆಯೋ ಹೂವೋ ಎದ್ದು ಕಾಣುತ್ತಿತ್ತು. ಆಮೇಲೆ ಶುರುವಾಗುತ್ತಿತ್ತು ಅವರ ಕಾಟ. ಆನೆಯಲ್ಲಿ ಕೆಂಪು ಎಷ್ಟನೇ ಭಾಗ? ಅಗಲ, ಎತ್ತರ ಎರಡನ್ನೂ ಎರಡರಷ್ಟು ಮಾಡಿದರೆ ಎಷ್ಟು ಮಣಿ ಬೇಕು? ನಾವೆಲ್ಲ ಒಂದೇ ದನಿಯಲ್ಲಿ ಎರಡರಷ್ಟು ಎನ್ನುತ್ತಿದ್ದೆವು. "ಇಟ್ಟು ನೋಡಿ" ಎನ್ನುತ್ತಿದ್ದರು. ಚೀಲ ಖಾಲಿಯಾದರೂ ಆನೆಗೆ ಕಾಲು ಬರುತ್ತಿರಲಿಲ್ಲ. ತಪ್ಪು ಎಂಬ ಮಾತು ಅವರ ಬಾಯಲ್ಲಿ ಬಂದದ್ದು ನನಗೆ ನೆನಪಿಲ್ಲ.

ಆಗ ರೇಷ್ಮೆಯ ಕಾಲ. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿಗೆ ಒಳ್ಳೆಯ ರೇಟು. ಊರಿನ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ಮನೆಯಲ್ಲಿ ಎಷ್ಟು ಜನ ಇದ್ದರೂ ಸಾಲದು. ಏಳನೇ ಕ್ಲಾಸಿನಲ್ಲಿ ಲೆಕ್ಕ ನಪಾಸಾದರೆ ಮನೆಯಲ್ಲಿದ್ದು ಸೊಪ್ಪು ಕುಯ್ಯುವುದು ಎಂದು ಅಪ್ಪ ಹೇಳಿಬಿಟ್ಟಿದ್ದ. ನಾನು ನಪಾಸಾಗುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ನನಗೂ.

ಯಾವಾಗಲೂ ಪಕ್ಕದವರನ್ನು ನೋಡಿಕೊಂಡೇ ಮಣಿ ಇಡುತ್ತಿದ್ದ ನನಗೆ ಒಂದು ದಿನ ಒಬ್ಬಳೇ ಇಡುವ ಸರದಿ ಬಂತು. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ಕೂಗಿದರು, ನಾನು ಇಟ್ಟೆ. ಮುಗಿಸಿ ನೋಡಿದರೆ ಗಿಳಿ ತಲೆ ಕೆಳಗೆ ಮಾಡಿಕೊಂಡು ನಿಂತಿದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೆ ಅಳು ಒತ್ತರಿಸಿ ಬಂತು. ಮೇಷ್ಟ್ರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಯಾಕಮ್ಮ ಹೀಗಿಟ್ಟೆ ಎಂದು ಮೆಲ್ಲಗೆ ಕೇಳಿದರು. ನಮ್ಮ ಮನೆಯಲ್ಲಿ ಹುಳದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿರುತ್ತೇವೆ. ಒಂದನೇ ತಟ್ಟೆ ಎಂದರೆ ತೀರಾ ಕೆಳಗಿನದು, ಅವ್ವ ಸೊಪ್ಪು ಹಾಕಲು ಶುರುಮಾಡುವುದು ಅಲ್ಲಿಂದಲೇ. ಹಾಗಾಗಿ ಸಾಲನ್ನೂ ಕೆಳಗಿನಿಂದ ಎಣಿಸಿದೆ ಎಂದೆ. ಅವರು ಒಂದೊಂದೇ ಸಾಲನ್ನು ಬೆರಳಿಟ್ಟು ನೋಡಿದರು. ಒಂದು ಮಣಿಯೂ ಅದಲುಬದಲಾಗಿರಲಿಲ್ಲ.

"ಮುಂದೆ ಗ್ರಾಫು ಅಂತ ಬತ್ತದೆ ಕಣಮ್ಮ. ಅದ್ನ ಕೆಳಗಿಂದ್ಲೇ ಎಣಿಸಾದು. ನೀನು ಈಗ್ಲೇ ಮಾಡ್ಬುಟ್ಟಿದ್ದೀಯ" ಎಂದರು.

ನನಗೂ ಲೆಕ್ಕ ಬರುತ್ತದೆ ಎಂದು ಯಾರಾದರೂ ಹೇಳಿದ್ದು ಅದೇ ಮೊದಲು. ಆ ಖುಷಿಯಲ್ಲಿ ರಾತ್ರಿ ಊಟವೂ ಸೇರಲಿಲ್ಲ.

ಅದರ ಬೆನ್ನಿಗೇ ಮನೆಯಲ್ಲಿ ಹುಳ ಹಣ್ಣಾಗತೊಡಗಿದವು. ಹಣ್ಣಾದ ಹುಳವನ್ನು ಆರಿಸಿ ಬಿದಿರಿನ ಚಂದ್ರಿಕೆಗೆ ಹಾಕಬೇಕು, ಅಲ್ಲಿ ಅವು ಗೂಡು ಕಟ್ಟುತ್ತವೆ. ತಡವಾದರೆ ಎಲ್ಲಿದ್ದರಲ್ಲೇ ಕಟ್ಟಿ ಕೆಡುತ್ತವೆ. ಅಪ್ಪ ನನ್ನನ್ನು ಶಾಲೆ ಬಿಡಿಸಿ ನಿಲ್ಲಿಸಿಕೊಂಡ. ಪರೀಕ್ಷೆ ಹತ್ತಿರವಿತ್ತು. ಸಂಜೆ ಮೇಷ್ಟ್ರೇ ಬಂದರು. ಹೊರಗಿನವರು ಹುಳದ ಮನೆಗೆ ಕಾಲಿಡಬಾರದೆಂದು ತಿಳಿದು ಅಂಗಳದಲ್ಲೇ ನಿಂತರು.

"ನಿಮ್ ಮಗಳಿಗೆ ಲೆಕ್ಕ ಬತ್ತೈತೆ. ಒಸಿ ಬುಡಿ ನನ್ಗೆ" ಎಂದರು.

"ಹುಳ ಹಣ್ಣಾಗವೆ ಮೇಷ್ಟ್ರೇ, ನಾನೇನ್ ಮಾಡ್ಲಿ" ಎಂದ ಅಪ್ಪ.

ಅವರು ವಾದಕ್ಕೆ ನಿಲ್ಲಲಿಲ್ಲ. ಅಂಗಳದ ಒಗೆಯುವ ಕಲ್ಲಿನ ಮೇಲೆ ಕೂತು ಅಲ್ಲಿಂದಲೇ ಲೆಕ್ಕ ಕೂಗಿದರು. ನಾನು ಹುಳ ಆರಿಸುತ್ತಾ ಒಳಗಿನಿಂದ ಉತ್ತರ ಕೂಗಿದೆ. ಮರುದಿನವೂ ಬಂದರು, ಅದರ ಮರುದಿನವೂ. ಒಂದು ಸಂಜೆ ನಾನು ತಡವರಿಸಿದಾಗ ಅಪ್ಪನೇ ತಡೆಯಲಾರದೆ ಉತ್ತರ ಕೂಗಿಬಿಟ್ಟ. "ಇಟ್ಟು ನೋಡಿ ಗೌಡ್ರೇ" ಎಂದಿತು ಅಂಗಳ. ಹುಳ ಹಣ್ಣಾದ ಹೊತ್ತಿನಲ್ಲಿ ಅಪ್ಪ ನಕ್ಕಿದ್ದನ್ನು ನಾನು ನೋಡಿರಲೇ ಇಲ್ಲ, ಅವತ್ತು ನೋಡಿದೆ.

ಪಾಸಾದೆ. ಹೈಸ್ಕೂಲೂ ಮುಗಿಯಿತು. ಕನಕಪುರದಲ್ಲಿ ಮಗ್ಗದವರಿಗೆ ಸೀರೆಯ ಅಂಚಿನ ನಕ್ಷೆ ಬರೆಯುವ ಕೆಲಸ ಹಿಡಿದೆ. ಗ್ರಾಫ್ ಹಾಳೆಯಲ್ಲಿ ಮನೆ ಮನೆಗೂ ಬಣ್ಣ ತುಂಬುವುದು. ನವಿಲಾಗಲಿ ಮಾವಾಗಲಿ, ಮನೆ ಎಣಿಸದೆ ಸೀರೆಯ ಮೇಲೆ ಬರುವುದಿಲ್ಲ. ನಾನು ತಿನ್ನುವ ಅನ್ನ ಅವರು ಕೊಟ್ಟದ್ದು.

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಹುಳದ ಬೆಳೆಗೆ ಕೈಜೋಡಿಸಲು ಊರಿಗೆ ಬಂದಿದ್ದೆ. ಹುಳ ಹಣ್ಣಾಗಿ ತಟ್ಟೆಯ ಅಂಚಿಗೆ ಹತ್ತುತ್ತಿದ್ದವು. ಅಪ್ಪ ಕೈ ತೊಳೆದು ಅಂಗಿ ಹಾಕಿಕೊಂಡ. ಸಾವಿನ ಮನೆಗೆ ಹೋದವರು ಈ ಬೆಳೆ ಮುಗಿಯುವ ತನಕ ಹುಳ ಮುಟ್ಟುವ ಹಾಗಿಲ್ಲ, ಇಬ್ಬರೇ ಹೆಂಗಸರು ಏನು ಮಾಡುವುದು ಎಂದು ಅವ್ವ ಕೇಳಿದಳು.

"ಆದಷ್ಟು ಮಾಡ್ಕಳಿ. ನಾನ್ ಹೋಗ್ದಿದ್ರೆ ಆಗಾಕಿಲ್ಲ" ಎಂದು ಹೊರಟೇಬಿಟ್ಟ.

ಚನ್ನಪಟ್ಟಣದಲ್ಲಿ ಮಸೀದಿಯಿಂದ ಖಬರಸ್ತಾನದವರೆಗೂ ಹೆಗಲು ಕೊಟ್ಟನಂತೆ. ನಾನೂ ಅವ್ವನೂ ಎಷ್ಟು ಓಡಾಡಿದರೂ ಒಂದಷ್ಟು ಹುಳ ತಟ್ಟೆಯಲ್ಲೇ ಗೂಡು ಕಟ್ಟಿ ಕೆಟ್ಟವು. ಬೆಳೆ ಮುಗಿಯುವ ತನಕ ಅಪ್ಪ ಹುಳದ ಮನೆಗೆ ಕಾಲಿಡದೆ ಜಗಲಿಯ ಮೇಲೆಯೇ ಮಲಗಿದ. ಕೆಟ್ಟ ಗೂಡಿನ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ.