ವೈಂಡಿಂಗ್ ಅಂಗಡಿಯವರ ಕಿವಿ

ವಾರ್ನಿಷ್ ವಾಸನೆ. ಮೊನ್ನೆ ಮದ್ದೂರಿನಲ್ಲಿ, ಮನೆಯ ಸುಟ್ಟುಹೋದ ನೀರಿನ ಮೋಟರನ್ನು ರಿಪೇರಿಗೆ ಕೊಡಲು ಹೋಗಿದ್ದೆ. ತಾಮ್ರದ ಸುರುಳಿಗಳಿಗೆ ಬಳಿದು ಒಣಗಲು ಇಟ್ಟಿದ್ದ ವಾರ್ನಿಷ್ಷಿನ ಘಾಟು ಅಂಗಡಿಯ ಬಾಗಿಲಲ್ಲೇ ಮೂಗಿಗೆ ಹೊಡೆಯಿತು. ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದ ಮಳವಳ್ಳಿಯ ವೈಂಡಿಂಗ್ ಅಂಗಡಿಯವರು ನೆನಪಾದರು... ನೆನಪಾಗದಿರಲಿ ಎಂದೇ ನಾನು ಎಷ್ಟೋ ವರ್ಷ ಅವರ ಬೀದಿಗೆ ಕಾಲಿಟ್ಟಿರಲಿಲ್ಲ.

ನಾನಾಗ ಮಳವಳ್ಳಿಯಲ್ಲಿ ಹೈಸ್ಕೂಲು ಇಂಗ್ಲಿಷ್ ಮೇಷ್ಟ್ರು. ಶಿವನಸಮುದ್ರದ ಪವರ್ ಹೌಸಿನಿಂದ ನಿವೃತ್ತರಾಗಿ ಊರಲ್ಲಿ ನೆಲೆಸಿದ್ದ ಹಿರಿಯರೊಬ್ಬರ ಬಳಿ ಒಂದು ಟ್ರಂಕಿನಷ್ಟು ಜಾಜ್ ರೆಕಾರ್ಡುಗಳಿದ್ದವು. ಅವರ ಪ್ಲೇಯರ್ ಕೆಟ್ಟಾಗ ಸರಿಮಾಡಿದವರು ವೈಂಡಿಂಗ್ ಅಂಗಡಿಯವರು. ಸರಿಯಾಯಿತೋ ಇಲ್ಲವೋ ನೋಡಲು ಒಂದು ಹಾಡು ಕೇಳಿದವರು ಅಲ್ಲೇ ಕೂತುಬಿಟ್ಟರಂತೆ. ಅಮೆರಿಕದ ಕಪ್ಪು ಜನ ಕಟ್ಟಿದ ಆ ಸಂಗೀತಕ್ಕೆ ನಮ್ಮೂರಲ್ಲಿ ನಾವು ಮೂವರೇ ಗಿರಾಕಿಗಳು. ಭಾನುವಾರ ಮಧ್ಯಾಹ್ನ ವೈಂಡಿಂಗ್ ಅಂಗಡಿಯ ಷಟರನ್ನು ಅರ್ಧ ಎಳೆದುಕೊಂಡು ಕೂರುತ್ತಿದ್ದೆವು.

ಜಗಳವೋ ಜಗಳ. ನಾನು ಟ್ರಂಪೆಟ್ ಕಡೆ, ವೈಂಡಿಂಗ್ ಅಂಗಡಿಯವರು ಸ್ಯಾಕ್ಸೊಫೋನ್ ಕಡೆ. "ನಿಮ್ ತುತ್ತೂರಿ ಬರೀ ಜಂಬ ಕೊಚ್ಕತದೆ ಕಣಿ ಮೇಷ್ಟ್ರೆ. ಇದು ಕಷ್ಟಸುಖ ಮಾತಾಡ್ತದೆ" ಅನ್ನುತ್ತಿದ್ದರು.

ನಾನು ಪುಸ್ತಕ ತರಿಸಿ ಓದಿದವನು. ಯಾರ ತಂಡದಲ್ಲಿ ಯಾರಿದ್ದರು, ಯಾರು ಯಾರ ಶಿಷ್ಯ, ಎಲ್ಲವೂ ಬಾಯಿಪಾಠ. ಅವರು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಆದರೂ ಹಾಡು ಮುಗಿದೊಡನೆ ಹಿರಿಯರು ತಿರುಗುತ್ತಿದ್ದದ್ದು ಅವರ ಕಡೆಗೇ. "ಏನನ್ನಿಸ್ತಪ್ಪ?" ಎಂದು ಅವರನ್ನೇ ಕೇಳುತ್ತಿದ್ದರು. ನನಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು.

ವೈಂಡಿಂಗ್ ಅಂಗಡಿಯವರ ಕಿವಿಯೂ ಹಾಗಿತ್ತು ಅನ್ನಿ. ಓಡುವ ಮೋಟರಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಹಿಡಿಯನ್ನು ಕಿವಿಗೆ ಆನಿಸಿಕೊಂಡು ಕಣ್ಣು ಮುಚ್ಚುವರು. ಯಾವ ಕಡೆಯ ಬೇರಿಂಗ್ ಸವೆದಿದೆ ಎಂದು ಬಿಚ್ಚುವ ಮೊದಲೇ ಹೇಳುವರು. ರೆಕಾರ್ಡು ಕೇಳುವಾಗಲೂ ಅದೇ ಮುಖ. ಅರ್ಧ ನಿಮಿಷ ಸಾಕು, ಊದುತ್ತಿರುವವನು ಯಾರೆಂದು ಹೇಳಿಬಿಡುವರು. ನಾನು ಮನೆಯಲ್ಲಿ ಕದ್ದು ಅಭ್ಯಾಸ ಮಾಡುತ್ತಿದ್ದೆ. ಒಂದು ದಿನವೂ ದಕ್ಕಲಿಲ್ಲ.

ಒಂದು ಭಾನುವಾರ ಹಿರಿಯರು ಹೊಸದೊಂದು ರೆಕಾರ್ಡು ಹಾಕಿದರು. ಹೊದಿಕೆಯ ರಟ್ಟಿನ ಮೇಲೆ ಒಬ್ಬನೇ ಸ್ಯಾಕ್ಸೊಫೋನ್ ವಾದಕನ ಹೆಸರು. ಮೂರನೇ ಹಾಡಿಗೆ ವೈಂಡಿಂಗ್ ಅಂಗಡಿಯವರು ಕಣ್ಣು ಬಿಟ್ಟರು. "ಇವ್ನು ಅವ್ನಲ್ಲ."

"ರಟ್ಟಿನ ಮೇಲೆ ಸ್ಪಷ್ಟವಾಗಿ ಬರೆದಿದೆಯಲ್ರೀ" ಎಂದೆ.

"ರಟ್ಟಿನ್ ಮ್ಯಾಲೆ ಏನಾರ ಬರ್ಕಳ್ಳಿ ಬುಡಿ. ಇವ್ನು ಉಸ್ರು ಎಳ್ಕಳೋ ಜಾಗ್ವೇ ಬ್ಯಾರೆ. ಬೇರಿಂಗೇ ಬದ್ಲಾಗ್ಬುಟ್ಟದೆ ಕಣಿ!"

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಹಿರಿಯರು, "ಮೇಷ್ಟ್ರೆ, ನೀವೇ ಹುಡುಕಿ ನೋಡಿ. ನೀವು ಹೇಳಿದ್ದೇ ತೀರ್ಮಾನ" ಅಂದರು.

ಹುಡುಕಿದೆ. ಪುಸ್ತಕದಲ್ಲೂ ಇತ್ತು, ಫೋನಿನಲ್ಲೂ ಸಿಕ್ಕಿತು. ಮೂರನೇ ಹಾಡು ಧ್ವನಿಮುದ್ರಿಸಿದ ದಿನ ಮುಖ್ಯ ವಾದಕನಿಗೆ ಜ್ವರ ಬಂದು, ಆ ಒಂದು ಹಾಡನ್ನು ಮಾತ್ರ ಬೇರೊಬ್ಬ ಊದಿದ್ದ. ರಟ್ಟಿನ ಮೇಲೆ ಅವನ ಹೆಸರು ಬಿಟ್ಟುಹೋಗಿತ್ತು. ಖುಷಿಯಿಂದ ಕುಣಿಯಬೇಕಾದ ಸಂಗತಿ. ನಾನು ಮಾತ್ರ ವಾರವಿಡೀ ಸರಿಯಾಗಿ ಊಟ ಮಾಡಲಿಲ್ಲ.

ಮುಂದಿನ ಭಾನುವಾರ ಹೇಳಿದೆ, "ರಟ್ಟಿನ ಮೇಲಿರುವುದೇ ಸರಿ."

ವೈಂಡಿಂಗ್ ಅಂಗಡಿಯವರು ಕಿರುಬೆರಳನ್ನು ಕಿವಿಗೆ ಹಾಕಿ ಒಮ್ಮೆ ಅಲ್ಲಾಡಿಸಿದರು. "ಅಂಗಾರೆ ನನ್ ಕಿವಿ ಓಯ್ತು ಅಂತ ಕಾಣ್ತದೆ" ಎಂದು ನಕ್ಕರು. ಅವತ್ತಿನಿಂದ ಹಾಡು ಮುಗಿದ ಮೇಲೆ ಹಿರಿಯರು ನನ್ನ ಕಡೆ ತಿರುಗತೊಡಗಿದರು. ನನಗೆ ಬೇಕಾಗಿದ್ದದ್ದು ಅದೇ ತಾನೆ? ಎರಡು ತಿಂಗಳು ಅದರ ರುಚಿ ಕಂಡೆ. ಒಂದು ದಿನ ನೋಡುತ್ತೇನೆ, ಅವರು ಮೋಟರಿಗೆ ಮೀಟರಿನ ವೈರು ಹಿಡಿದು ಕನ್ನಡಕದೊಳಗಿಂದ ಮುಳ್ಳು ನೋಡುತ್ತಿದ್ದಾರೆ. ಕಿವಿಗೆ ಆನಿಸುತ್ತಿದ್ದ ಸ್ಕ್ರೂಡ್ರೈವರ್ ಮೂಲೆಯಲ್ಲಿ ಬಿದ್ದಿತ್ತು. ಆಗಲಾದರೂ ಹೇಳಬಹುದಿತ್ತು... ಹೇಳಲಿಲ್ಲ.

ಹಿರಿಯರು ಟ್ರಂಕನ್ನು ನನಗೇ ಕೊಟ್ಟು ಮಗಳ ಊರಿಗೆ ಹೋದರು. ನನಗೆ ಮದ್ದೂರಿಗೆ ವರ್ಗವಾಯಿತು. ವೈಂಡಿಂಗ್ ಅಂಗಡಿಯವರು ತೀರಿಕೊಂಡ ಸುದ್ದಿ ಬಂದಾಗ ಶಾಲೆಯಲ್ಲಿ ಪರೀಕ್ಷೆ ಎಂದು ನೆಪ ಹೇಳಿ ಮಣ್ಣಿಗೂ ಹೋಗಲಿಲ್ಲ.

ವಾರ್ನಿಷ್ ವಾಸನೆ ಕುಡಿದ ಮರುದಿನವೇ ಮಳವಳ್ಳಿಯ ಬಸ್ಸು ಹತ್ತಿದೆ. ಅಂಗಡಿ ಈಗ ಮೊಬೈಲ್ ಅಂಗಡಿಯಾಗಿದೆ. ಹಿಂದಿನ ಮನೆಯಲ್ಲಿ ಅವರ ಹೆಂಡತಿ ಕಾಫಿ ಕೊಟ್ಟರು. ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ನಿಮ್ಮ ಯಜಮಾನರು ಹೇಳಿದ್ದೇ ಸರಿಯಾಗಿತ್ತು, ನಾನು ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ ಎಂದೆ.

ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಾನೂ ಅವ್ರ್ಗೆ ಏಳ್ದೆ ಸಾ, ನಿಮ್ ಕಿವಿ ಚೆನ್ನಾಗೇ ಅದೆ ಅಂತ. ಕೇಳ್ನಿಲ್ಲ. 'ಮೇಷ್ಟ್ರು ನೋಡಿ ಏಳವ್ರೆ, ಅವ್ರ್ ಬಾಯಲ್ಲಿ ಸುಳ್ ಬರಕಿಲ್ಲ ಕಣಮ್ಮಿ' ಅಂದ್ರು."

ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ರಾತ್ರಿಯೂಟಕ್ಕೆ ಮೊದಲು ಆ ರೆಕಾರ್ಡು ಹಾಕಿದೆ. ಎರಡನೇ ಹಾಡು, ಮೂರನೇ ಹಾಡು, ಮತ್ತೆ ಎರಡನೆಯದು. ಮೂರನೆಯದರಲ್ಲಿ ಊದುತ್ತಿರುವವನು ಬೇರೆಯವನೆಂದು ನನಗೆ ಗೊತ್ತು, ಅವನ ಹೆಸರೂ ಗೊತ್ತು. ಅವನು ಎಲ್ಲಿ ಉಸಿರು ಎಳೆದುಕೊಳ್ಳುತ್ತಾನೆ ಎಂಬುದು ಮಾತ್ರ ಇಂದಿಗೂ ನನ್ನ ಕಿವಿಗೆ ಬೀಳುತ್ತಿಲ್ಲ. ಈಗಲೂ ಹೊಟ್ಟೆ ಉರಿಯುತ್ತದೆ. ಎಲ್ಲಿ ಎಂದು ಕೇಳೋಣವೆಂದರೆ ಅವರಿಲ್ಲ...