ನಾದಿನಿ ಹಿಡಿದ ತುದಿ

ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದಲ್ಲಿ ದೊಡ್ಡಕ್ಕ ಇಪ್ಪತ್ತೆರಡು ವರ್ಷ ಚಾದರ ಮಡಚಿದವಳು. ಅವಳ ಕೈಗೆ ಸಿಕ್ಕ ಚಾದರ ಪುಸ್ತಕದಂತೆ ಕೂರುತ್ತಿತ್ತು. ಯಂತ್ರಗಳ ಗದ್ದಲದಲ್ಲಿ ಕೂಗಿದರೆ ಯಾರಿಗೂ ಕೇಳಿಸದು. ಕೈಸೋತವರು ಹೆಗಲ ಮೇಲೆ ಒದ್ದೆ ಟವೆಲ್ ಹಾಕಿಕೊಂಡರೆ ಪಕ್ಕದವರು ಬಂದು ಚಾದರದ ಇನ್ನೊಂದು ತುದಿ ಹಿಡಿಯಬೇಕು, ಅದು ಅಲ್ಲಿನ ವಾಡಿಕೆ. ದೊಡ್ಡಕ್ಕನ ಹೆಗಲು ಒಂದು ದಿನವೂ ಒದ್ದೆಯಾಗಿರಲಿಲ್ಲ.

ಪಕ್ಕದ ಮೇಜಿಗೆ ಚಕ್ರದ ಮೇಲೆ ನಿಂತ, ಎರಡು ಕೈಯ ರೋಬೋ ಬಂದಾಗ ಹೆಂಗಸರು ಅದಕ್ಕೆ ನಾದಿನಿ ಎಂದು ಹೆಸರಿಟ್ಟರು. "ತಿರುಗಿ ಮಾತಾಡದ ನಾದಿನಿ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣಕ್ಕಾ," ಎಂದು ನಕ್ಕಳು, ಎಲ್ಲರೂ ಕುಳ್ಳಿ ಎಂದು ಕರೆಯುವ ಆಚೆ ಮೇಜಿನವಳು.

ಆ ವರ್ಷವೇ ದೊಡ್ಡಕ್ಕನ ಬಲಗೈ ಬೆರಳುಗಳು ಮರಗಟ್ಟತೊಡಗಿದವು. ಹೇಳಿದರೆ ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ದುಡಿಯುವ ಜೀವ ಅವಳೊಬ್ಬಳೇ. ಹಲ್ಲು ಕಚ್ಚಿ ಮಡಚಿದಳು. ಒಂದು ಮಧ್ಯಾಹ್ನ ಚಾದರದ ಬಲತುದಿ ಕೈ ಜಾರುವಷ್ಟರಲ್ಲಿ ನಾದಿನಿಯ ಉಕ್ಕಿನ ಬೆರಳು ಅದನ್ನು ಹಿಡಿದಿತ್ತು. ಟವೆಲ್ ಹಾಕಿರಲಿಲ್ಲ, ಬಾಯಿಬಿಟ್ಟು ಕೇಳಿರಲಿಲ್ಲ. ದೊಡ್ಡಕ್ಕ ಬೆಚ್ಚಿ ಅದರತ್ತ ನೋಡಿದಳು. ಆದರೂ ಸದ್ಯ ಬಚಾವಾದೆ ಅಂದುಕೊಂಡಳು. ಆಮೇಲೆ ದಿನವೂ ಅದೇ. ನೋವು ಏಳುವ ಮೊದಲೇ ನಾದಿನಿ ಬಂದು ನಿಂತಿರುತ್ತಿತ್ತು.

ಒಂದು ಸೋಮವಾರ ಅದು ಎಡತುದಿ ಹಿಡಿಯಿತು.

"ಆ ಕೈ ಗಟ್ಟಿಯಾಗೇ ಇದೆ, ಬಿಡೇ!" ದೊಡ್ಡಕ್ಕ ಜಗ್ಗಿದಳು. ಅದು ಬಿಡಲಿಲ್ಲ. ಮಂಗಳವಾರವೂ ಎಡಕ್ಕೇ ಬಂತು. ಬುಧವಾರ ಬೆಳಗ್ಗೆ ಮನೆಯ ಚಿಲಕ ತೆಗೆಯಹೋದರೆ ಎಡಗೈ ಬೆರಳು ಮಡಚಲಾಗಲಿಲ್ಲ.

ಅಂದು ಎಲ್ಲರೆದುರೇ ಟವೆಲ್ ಒದ್ದೆ ಮಾಡಿ ಹೆಗಲಿಗೆ ಹಾಕಿಕೊಂಡು ಸೂಪರ್‌ವೈಸರ್ ಮುಂದೆ ನಿಂತಳು.

"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ ದೊಡ್ಡಕ್ಕಾ? ಕೂತು ಮಾಡೋ ಕೆಲಸ ಕೊಡ್ತಿರಲಿಲ್ವಾ?" ಎಂದು ಗದರಿ, ಅವನೇ ಡಾಕ್ಟರ ಬಳಿ ಕರೆದೊಯ್ದ. ಕತ್ತಿನ ನರ ಒತ್ತಿದೆ, ಇನ್ನೂ ತಡವಾಗಿದ್ದರೆ ಎರಡು ಕೈಯೂ ಹೋಗುತ್ತಿತ್ತು ಎಂದರು ಡಾಕ್ಟರು.

ಹಿಂದಿರುಗುವಾಗ ದೊಡ್ಡಕ್ಕ ಕೇಳಿದಳು: "ಆ ರೋಬೋಗೆ ಹೇಗಪ್ಪಾ ಗೊತ್ತಾಯ್ತು?"

"ಅದಕ್ಕೆಂಥದು ಗೊತ್ತಾಗುತ್ತೆ? ತನ್ನ ಮೇಜು ಬಿಟ್ರೆ ಅದಕ್ಕೆ ಬೇರೇನೂ ಕಾಣೋದೇ ಇಲ್ಲ."

ಈಗ ಅವಳು ಕಿಟಕಿಯ ಪಕ್ಕ ಕೂತು, ಹರಿದ ದಿಂಬಿನ ಚೀಲಗಳನ್ನು ಬೇರೆ ಮಾಡುತ್ತಾಳೆ. ಮೊನ್ನೆ ತಲೆಯೆತ್ತಿದಾಗ ನಾದಿನಿ ಕೆಲಸ ನಿಲ್ಲಿಸಿ, ಕುಳ್ಳಿಯ ಹಿಂದೆ ಸ್ಟೂಲ್ ತಂದಿಡುತ್ತಿತ್ತು. ಕುಳ್ಳಿ ನಗುತ್ತಾ ಕಾಲಲ್ಲಿ ಅದನ್ನು ತಳ್ಳಿದಳು. ನಾದಿನಿ ಮತ್ತೆ ತಂದಿಟ್ಟಿತು.

ದೊಡ್ಡಕ್ಕ ಎದ್ದುಹೋಗಿ ಅವಳ ರಟ್ಟೆ ಹಿಡಿದಳು. "ಬಾರೇ, ಡಾಕ್ಟ್ರ ಹತ್ರ ಹೋಗೋಣ."

"ಯಾಕಕ್ಕಾ? ನಂಗೇನು ಧಾಡಿಯಾಗಿದೆ?"

"ಏನೂ ಆಗಿಲ್ಲ. ಅದಕ್ಕೇ ಈಗ್ಲೇ ಹೋಗೋಣ."